ನಮ್ಮ ಜಾಲತಾಣಕ್ಕೊಂದು ಜಾಹೀರಾತು ಕೊಡಿ ಸಾರ್

ಪುಕ್ಕಟೆ ಸಿಗುವ ವಸ್ತುವಿನಿಂದ ಹೊಟ್ಟೆ ಹೊರೆಯಲು ಹೊರಟವನಿಗೆ ದಿನವೂ ಒಂದಲ್ಲ ಒಂದು ಪ್ರಸಂಗ ತಪ್ಪಿದ್ದಲ್ಲ. ನಾನು ಜೆ.ಪಿ. ನಗರದ ಒಂದು ಪುಟ್ಟ ಸಾಮಾಜಿಕ ಜಾಲತಾಣಕ್ಕೆ ಜಾಹೀರಾತು ತರುವವನು. ಜಯನಗರ, ಬನಶಂಕರಿ ಕಡೆಯ ಜನ ಅದರಲ್ಲಿ ಹರಟುತ್ತಾರೆ, ನೀರು ಬಂತಾ ಎಂದು ಕೇಳುತ್ತಾರೆ, ಕಳೆದುಹೋದ ಬೆಕ್ಕಿನ ಫೋಟೊ ಹಾಕುತ್ತಾರೆ. ಕಾಸು ಮಾತ್ರ ಯಾರೂ ಬಿಚ್ಚುವುದಿಲ್ಲ.

"ಯುಗಾದಿಯೊಳಗೆ ಜಾಹೀರಾತಿನಿಂದ ನಮ್ಮ ಖರ್ಚು ಹುಟ್ಟಬೇಕು. ಇಲ್ಲಾಂದ್ರೆ ಬಾಗಿಲು ಹಾಕ್ತೀನಿ," ಅಂದುಬಿಟ್ಟರು ನಮ್ಮ ಬಾಸ್. ಗದಗದಿಂದ ಬಂದು ಬಿಟಿಎಂನಲ್ಲಿ ಬಾಡಿಗೆಗಿರುವ ನನಗೆ ಅವತ್ತಿನಿಂದ ಅಂಗಡಿ ಅಂಗಡಿ ಸುತ್ತುವುದೇ ಕೆಲಸವಾಯಿತು.

೧. ಕೋಡುಬಳೆ

ಮೊದಲು ಹೋದದ್ದು ಜಯನಗರದ ಒಂದು ಕುರುಕಲು ತಿಂಡಿ ಅಂಗಡಿಗೆ. ಮಾಲೀಕರು ಕಿವಿಗೊಟ್ಟು ಕೇಳಿದರು. ನನಗೆ ಆಸೆ ಚಿಗುರಿತು.

"ಆ್ಯಡ್ ನೋಡಿ ಜನ ಬರ್ತಾರಾ?"

"ಸಾಲುಗಟ್ಟಿ ಬರ್ತಾರೆ ಸಾರ್."

"ಬಂದ್ರೆ ಏನ್ ಕೊಡ್ಲಿ? ಕೋಡುಬಳೆ ಮಧ್ಯಾಹ್ನಕ್ಕೇ ಖಾಲಿ. ಆಮೇಲೆ ಬಂದೋರೆಲ್ಲ ನನ್ನೇ ಬೈತಾರೆ."

"ಜಾಸ್ತಿ ಮಾಡಿಸಬಹುದಲ್ಲ ಸಾರ್?"

"ಕರಿಯೋಳು ನನ್ನ ಹೆಂಡ್ತಿ. ನೀವೇ ಒಳಗೆ ಹೋಗಿ ಹೇಳಿ ನೋಡೋಣ."

ಒಳಗಿಂದ ಸಟ್ಟುಗ ಬಾಣಲೆಗೆ ಬಡಿದ ಸದ್ದು ಬಂತು. ನಾನು ಹೋಗಲಿಲ್ಲ. ಹೊರಡುವಾಗ ಅವರಿಗೇ ಪಾಪ ಅನ್ನಿಸಿರಬೇಕು. "ಬೇಕಾದ್ರೆ ಹೀಗ್ ಹಾಕಿ. ಕೋಡುಬಳೆ ಮುಗಿದಿದೆ, ಯಾರೂ ಬರಬೇಡಿ," ಅಂದರು.

೨. ಬೇಡಪ್ಪ

ಅಂತೂ ಇಂತೂ ಹೊಸಕೆರೆಹಳ್ಳಿಯ ಹಾಸಿಗೆ ಅಂಗಡಿಯ ಜಾಹೀರಾತೊಂದು ಸಿಕ್ಕಿತು. ಅದು ಹಾಕಿದ ವಾರದಲ್ಲೇ ಮಾಲೀಕ ಫೋನಿನಲ್ಲಿ ಹಾರಾಡಿದ.

"ಏನ್ ಗುರು ಇದು? ಯಾರೋ ಒಬ್ರು ದಿನಾ ಬೆಳಗ್ಗೆ ನನ್ನ ಆ್ಯಡ್ ಕೆಳಗೆ 'ಬೇಡಪ್ಪ' ಅಂತ ಬರೀತಾರೆ. ಅದನ್ನ ನೋಡಿ ಮಿಕ್ಕೋರೂ ಬೇಡ ಅಂತಿದಾರೆ. ನಿಲ್ಲಿಸಿ, ಇಲ್ಲ ಆ್ಯಡ್ ತೆಗೀರಿ!"

ವಿಚಾರಿಸಿಕೊಂಡು ಹೋದರೆ, ಬರೆಯುತ್ತಿದ್ದವರು ಜಯನಗರದ ಒಬ್ಬ ನಿವೃತ್ತ ಮೇಷ್ಟ್ರು. ಕಾಫಿ ಕೊಟ್ಟು ಕೂರಿಸಿದರು.

"ಪಾಪ, ದಿನಾ ಬಂದು 'ಹಾಸಿಗೆ ಬೇಕೇ?' ಅಂತ ಕೇಳ್ತಾರಲ್ಲಪ್ಪ. ಉತ್ತರ ಕೊಡದೆ ಇದ್ರೆ ಏನ್ ತಿಳ್ಕೋತಾರೆ?"

"ಅವರು ಊರಿಗೆಲ್ಲ ಕೇಳ್ತಿರೋದು ಸಾರ್. ನೀವು ಉತ್ತರ ಬರೀಬೇಡಿ, ನನ್ನ ಕೆಲಸ ಹೋಗತ್ತೆ."

ಅವರು ಗಾಬರಿಯಾಗಿ ಒಪ್ಪಿಕೊಂಡರು. ಮರುದಿನ ಬೆಳಗ್ಗೆ ಜಾಹೀರಾತಿನ ಕೆಳಗೆ ಹೀಗಿತ್ತು: "ಇನ್ನು ಮುಂದೆ ನಾನು ಉತ್ತರಿಸುವುದಿಲ್ಲ. ದಯವಿಟ್ಟು ಬೇಸರ ಬೇಡ. ಹಾಸಿಗೆಯೂ ಬೇಡ."

೩. ಮುಚ್ಚುವ ಮುಹೂರ್ತ

ಹಾಸಿಗೆ ಅಂಗಡಿಯೂ ಕೈಬಿಟ್ಟಿತು. ಯುಗಾದಿ ಬಂದೇ ಬಂತು. ಬಾಸ್ ಕಣ್ಣು ತುಂಬಿಕೊಂಡು ಜಾಲತಾಣದಲ್ಲಿ ಟೈಪ್ ಮಾಡಿದರು: "ಜಾಹೀರಾತಿಲ್ಲದೆ ನಡೆಸಲಾಗುತ್ತಿಲ್ಲ. ಈ ಶುಕ್ರವಾರ ಬಾಗಿಲು ಹಾಕುತ್ತಿದ್ದೇವೆ. ಕ್ಷಮಿಸಿ." ನನಗೆ ನಿಜಕ್ಕೂ ಅಳು ಬಂತು. ಊರಲ್ಲಿ ಅವ್ವನಿಗೆ ಏನು ಹೇಳಲಿ ಎಂದು ಯೋಚಿಸುತ್ತಾ ಕೂತೆ.

ನೋಡನೋಡುತ್ತಿದ್ದಂತೆ ಜನ ಮುಗಿಬಿದ್ದರು. ಜನ್ಮದಲ್ಲಿ ಒಂದಕ್ಷರ ಬರೆಯದವರೂ ಗೋಳಾಡಿದರು. ಒಬ್ಬರಂತೂ "ಓಂ ಶಾಂತಿ" ಹಾಕಿದರು. ಇಷ್ಟು ಪ್ರೀತಿ ಇದ್ದವರು ಒಂದು ಹಾಸಿಗೆ ಕೊಂಡಿದ್ದರೆ ಆಗುತ್ತಿರಲಿಲ್ಲವೇ ಎಂದು ನನಗೆ ಮೈಯೆಲ್ಲ ಉರಿಯಿತು.

ಆಗ ಬಾಸ್‌ಗೆ ಫೋನ್ ಬಂತು, ಸ್ಪೀಕರಿಗೆ ಹಾಕಿದರು. ಕನಕಪುರ ರಸ್ತೆಯ ಸೋಫಾ ಅಂಗಡಿಯವರು.

"ಆ ಮುಚ್ಚೋ ಪೋಸ್ಟನ್ನ ಊರೆಲ್ಲ ನೋಡ್ತಿದೆ. ಅದರ ಕೆಳಗೆ ನಮ್ಮ ಆ್ಯಡ್ ಹಾಕ್ತೀರಾ?"

"ಶುಕ್ರವಾರ ಮುಚ್ತಿದ್ದೀವಿ ಸಾರ್," ಅಂದರು ಬಾಸ್.

"ಅಲ್ಲೇ ನೀವು ಎಡವಿದ್ದು! ನಮ್ಮಪ್ಪ 'ಅಂಗಡಿ ಖಾಲಿ ಮಾಡುತ್ತಿದ್ದೇವೆ, ಭಾರೀ ರಿಯಾಯಿತಿ' ಅಂತ ಬೋರ್ಡ್ ಹಾಕಿದಾಗ ನಾನಿನ್ನೂ ಸ್ಕೂಲಲ್ಲಿದ್ದೆ. ಅದೇ ಬೋರ್ಡ್ ಮೇಲೆ ನನ್ನ ಮದುವೆ ಆಯ್ತು, ಮನೆ ಕಟ್ಟಿದ್ವಿ. ಖಾಲಿ ಮಾಡ್ತೀವಿ ಅನ್ನಬೇಕು. ಯಾವಾಗ ಅಂತ ಮಾತ್ರ ಹೇಳಬಾರದು!"

ಬಾಸ್ ಫೋನ್ ಕೆಳಗಿಟ್ಟರು. ಕಣ್ಣೊರೆಸಿಕೊಂಡರು. ಪೋಸ್ಟಿನಲ್ಲಿದ್ದ 'ಈ ಶುಕ್ರವಾರ' ಎಂಬುದನ್ನು ಅಳಿಸಿ ನನ್ನ ಕಡೆ ತಿರುಗಿದರು.

"ಹೋಗು, ಎಲ್ಲಾ ಅಂಗಡಿಯವರಿಗೂ ಹೇಳಿ ಬಾ. ನಾವು ಮುಚ್ತಿದ್ದೀವಿ. ಇನ್ಮೇಲೆ ದಿನಾ ಮುಚ್ತೀವಿ."