ಅಪ್ರಯೋಜಕನೆಂದು ಒಪ್ಪಿ ಸಹಿ

ಸೋಫಾ ರಿಪೇರಿಯವನಿಗೆ ಸಾಕುಸಾಕಾಗಿತ್ತು. ಬೇರೆಯವರು ಕೂರುವುದಕ್ಕೆಲ್ಲ ಸ್ಪ್ರಿಂಗು ಹಾಕಿಕೊಡುವವನಿಗೆ ತಾನು ನೆಮ್ಮದಿಯಾಗಿ ಕೂರುವ ಯೋಗವಿರಲಿಲ್ಲ. ಕೂತರೆ ಸಾಕು, ವಸೂಲಿಯವರ ಫೋನು ಬಡಿದುಕೊಳ್ಳುತ್ತಿತ್ತು. ಒಂದು ಕ್ರೆಡಿಟ್ ಕಾರ್ಡಿನ ಸಾಲವನ್ನು ಇನ್ನೊಂದರಿಂದ ತೀರಿಸುವ ಮಹಾವಿದ್ಯೆ ಅವನಿಗೆ ಕರಗತವಾಗಿತ್ತು. ಕಾರ್ಡುಗಳು ಮುಗಿದವು, ವಿದ್ಯೆಯಷ್ಟೇ ಉಳಿಯಿತು.

ಆಮೇಲೆ ಸಲಹಾ ಕಂಪನಿಯೊಂದು ಸಾಲವನ್ನೆಲ್ಲ ಒಂದೇ ಗುಡ್ಡೆ ಮಾಡಿ, ತಿಂಗಳ ಕಂತು ಕಟ್ಟುತ್ತಿದ್ದರೆ ಬಡ್ಡಿ ಬಿಡಿಸುವುದಾಗಿ ಯೋಜನೆ ಹಾಕಿಕೊಟ್ಟಿತು. ಎರಡು ಕಂತು ಕಟ್ಟಿದ. ಮೂರನೆಯ ತಿಂಗಳು ಗಿರಾಕಿಗಳೇ ಇಲ್ಲ. (ಜನ ನಿಂತೇ ಕಾಲ ಕಳೆಯತೊಡಗಿದ್ದರೋ ಏನೋ.) ಯೋಜನೆ ಮಕಾಡೆ ಮಲಗಿತು, ಮಲಗಿದ್ದ ಬಡ್ಡಿ ಎದ್ದು ಕೂತಿತು.

"ಮೊನ್ನೆ ಸೋಫಾ ಸಾಗಿಸೋ ವ್ಯಾನು ಮಾರಿದ ದುಡ್ಡಿದೆಯಲ್ಲ," ಎಂದಳು ಹೆಂಡತಿ. "ಒಂದೇ ಸಲಕ್ಕೆ ಅಷ್ಟು ಕೊಡ್ತೀವಿ, ಮಿಕ್ಕಿದ್ದು ಬಿಟ್ಬಿಡಿ ಅಂತ ಕೇಳೋಣ."

"ಸರಿ, ನಾನು ಮಾತಾಡ್ತೀನಿ."

"ನೀವು ಮಾತಾಡಿ ಮಾತಾಡಿಯೇ ಇಲ್ಲಿಗೆ ಬಂದಿರೋದು. ಫೋನ್ ಕೊಡಿ ಇಲ್ಲಿ."

ಕೊಟ್ಟು ಹೋಗಿ ಮಲಗಿದ. ಎಚ್ಚರವಾದಾಗ ಅವಳು ವಸೂಲಿಯವರನ್ನು ಅರ್ಧಕ್ಕಿಂತ ಕಮ್ಮಿಗೆ ಒಪ್ಪಿಸಿಬಿಟ್ಟಿದ್ದಳು.

"ಏನು ಹೇಳಿದೆ?"

"ಇದ್ದದ್ದು ಹೇಳಿದೆ."

ಮರುದಿನ ಸಹಿ ಹಾಕಲು ವಸೂಲಿ ಕಚೇರಿಗೆ ಹೊರಟಾಗ ಅವನ ತಾಯಿಯೂ ಚಪ್ಪಲಿ ಮೆಟ್ಟಿಕೊಂಡಳು. ಮಗನನ್ನು ಯಾರಾದರೂ ಒಂದು ಮಾತು ಅಂದರೆ ತಾನು ಸುಮ್ಮನಿರುವವಳಲ್ಲ ಎಂದಳು.

ಅಧಿಕಾರಿ ಕಾಗದ ಮುಂದಿಟ್ಟ. ಅದರಲ್ಲಿ ಹೀಗಿತ್ತು: 'ಸಾಲಗಾರ ಸೋಮಾರಿ. ಲೆಕ್ಕ ಬರುವುದಿಲ್ಲ. ಮುಂದೆಯೂ ಸಂಪಾದಿಸುವ ಲಕ್ಷಣಗಳಿಲ್ಲವೆಂದು ಪತ್ನಿ ತಿಳಿಸಿದ್ದಾರೆ. ಆದ್ದರಿಂದ ಪೂರ್ತಿ ವಸೂಲಿ ಅಸಾಧ್ಯ.'

"ಇದೆಲ್ಲ ಸುಳ್ಳು ಸಾರ್. ನಾನು ಕೈಗೆ ಬೊಬ್ಬೆ ಬರೋ ಹಾಗೆ ದುಡಿಯೋನು."

ಅಧಿಕಾರಿ ಮೊದಲ ಸಲ ತಲೆಯೆತ್ತಿ ನೋಡಿದ. "ಹೌದಾ? ಹಾಗಾದ್ರೆ ಪೂರ್ತಿ ಕಟ್ಬೇಕಾಗುತ್ತೆ."

ಹೆಂಡತಿ ಮೇಜಿನ ಕೆಳಗೆ ಅವನ ಕಾಲು ತುಳಿದಳು.

"ಇಲ್ಲ ಸಾರ್, ಸ್ವಲ್ಪ ಸೋಮಾರೀನೇ."

"ಸ್ವಲ್ಪನಾ?"

"ತುಂಬಾನೇ," ಎಂದು ನಿಟ್ಟುಸಿರು ಬಿಟ್ಟು ಸಹಿ ಹಾಕಿದ.

"ಒಂದು ಸಾಕ್ಷಿ ಬೇಕು. ಹೆಂಡ್ತಿದು ನಡೆಯಲ್ಲ. ಇವರನ್ನ ಚೆನ್ನಾಗಿ ಬಲ್ಲ ಬೇರೆ ಯಾರಾದ್ರೂ ಆಗ್ಬೇಕು."

ಅವನು ತಾಯಿಯ ಕಡೆ ತಿರುಗಿದ. ಸಹಿಯನ್ನಂತೂ ಹಾಕಲೇಬೇಕು, ಆದರೆ ಹೆತ್ತ ಕರುಳು ಒಂದು ಗಳಿಗೆಯಾದರೂ ಹಿಂಜರಿಯಲಿ ಎಂದು ಅವನ ಆಸೆ. ಅವಳು ಕನ್ನಡಕ ಏರಿಸಿ, ಒಂದೊಂದು ಸಾಲಿನ ಮೇಲೂ ಬೆರಳಾಡಿಸಿ ಓದಿದಳು. ಅವಳ ಮುಖ ಗಂಟಾಯಿತು. ಅವನಿಗೆ ಜೀವ ಬಂದಂತಾಯಿತು.

"ಇಷ್ಟೇನಾ ಬರ್ಕೊಂಡಿರೋದು?" ಎಂದಳು ತಾಯಿ, ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಳ್ಳುತ್ತ. "ಬಾಕಿದೂ ನಾನು ಹೇಳ್ತೀನಿ. ಇನ್ನೊಂಚೂರು ಕಮ್ಮಿ ಮಾಡ್ತೀರಾ?"