ಭರವಸೆ ಮಾನಿಟರ್ ದೇರಪ್ಪನ ಮೂರು ಬಟ್ಟಲು ಪಾಯಸ

ಕೊಡಗಿನ ತರುಣರ ಭವಿಷ್ಯದ ಬಗ್ಗೆ ಬ್ರಿಟಿಷ್ ಸರ್ಕಾರಕ್ಕೆ ಯಾವ ಚಿಂತೆಯೂ ಇರಲಿಲ್ಲ. ತರುಣರಿಗೆ ಚಿಂತೆ ಇದೆ ಎಂಬುದಷ್ಟೇ ಅದರ ಚಿಂತೆಯಾಗಿತ್ತು. ಕಾಫಿಯ ಬೆಲೆ ಬಿದ್ದಿತ್ತು, ಓದಿದವರಿಗೆ ಕೆಲಸವಿರಲಿಲ್ಲ, ಖಾದಿ ಟೋಪಿಯವರು ಸಂತೆಯಲ್ಲಿ ನಿಂತು ಭಾಷಣ ಮಾಡುತ್ತಿದ್ದರು. ಇವುಗಳಲ್ಲಿ ಯಾವುದನ್ನೂ ಸರಿಪಡಿಸಲು ಅವಕಾಶವಿಲ್ಲದ ಕಾರಣ ಸರ್ಕಾರವು ‘ತರುಣೋತ್ಸಾಹ ಸಂರಕ್ಷಣಾ ಇಲಾಖೆ’ಯನ್ನು ತೆರೆದು ಹೀಗೆ ಹುಕುಂ ಹೊರಡಿಸಿತು:

“ಪ್ರತಿ ಶಾಲೆಯ ತರುಣರು ಹತ್ತರಿಂದ ನಾಲ್ಕರವರೆಗೆ ಭರವಸೆಯಿಂದ ಇರತಕ್ಕದ್ದು. ಭರವಸೆಯನ್ನು ಸರ್ಕಾರವೇ ಒದಗಿಸುವುದರಿಂದ ಯಾರೂ ಹೊರಗಿನಿಂದ ತರತಕ್ಕದ್ದಲ್ಲ. ನಾಲ್ಕರ ನಂತರದ ಭರವಸೆಗೆ ಇಲಾಖೆ ಜವಾಬ್ದಾರಿಯಲ್ಲ.”

ಹೊಳೆಕೇರಿ ಮಿಡ್ಲ್ ಸ್ಕೂಲಿನ ಭರವಸೆ ಮಾನಿಟರ್ ಆಗಿ ದೇರಪ್ಪನನ್ನು ನೇಮಿಸಲಾಯಿತು. ಅವನ ಅರ್ಹತೆಯ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ. ಒಂದೇ ಕ್ಲಾಸಿನಲ್ಲಿ ಮೂರನೇ ವರ್ಷ ಕೂತರೂ ನಗುತ್ತಿದ್ದ. ಹೆಡ್‌ಮಾಸ್ಟರ ಕುರ್ಚಿಗೆ ತುರಿಕೆ ಸೊಪ್ಪು ಸವರಿ, ಏಟು ತಿಂದು, ಆಮೇಲೂ ನಗುತ್ತಿದ್ದ. ‘ಇವನೇ ನಗುತ್ತಿದ್ದಾನೆಂದರೆ ಮಿಕ್ಕವರು ಅಳುವುದಕ್ಕೆ ಕಾರಣವಿಲ್ಲ’ ಎಂದು ಹೆಡ್‌ಮಾಸ್ಟರ್ ಕರಿಬಸಪ್ಪನವರು ಶಿಫಾರಸು ಮಾಡಿದ್ದರು.

ಕೆಲಸ ಸುಲಭದ್ದೇ. ಎಲ್ಲರಿಗಿಂತ ಮೊದಲು ಬಂದು ಜಗಲಿಯಲ್ಲಿ ನಿಂತು “ನಾಳೆ ಒಳ್ಳೆಯದಾಗುತ್ತದೆ” ಎಂದು ಕೂಗಬೇಕು. ಮೋರೆ ಬಾಡಿದವರನ್ನು ನಗಿಸಬೇಕು. ನಗಿಸಿದರೂ ನಗದವರ ಹೆಸರನ್ನು ಹೆಡ್‌ಮಾಸ್ಟರಿಗೆ ಹೇಳಬೇಕು. ಭಾನುವಾರ ಅವರವರ ಮನೆಗೇ ಹೋಗಿ ನಗಿಸಬೇಕು.

ಕಕ್ಕಡ ತಿಂಗಳ ಮಳೆ ಹಿಡಿಯುವ ಹೊತ್ತಿಗೆ ದೇರಪ್ಪನ ನಗು ಕೆಟ್ಟುಹೋಯಿತು. ಬಾಯಿ ತೆರೆಯುತ್ತಿತ್ತು, ಹಲ್ಲು ಕಾಣುತ್ತಿತ್ತು, ಒಳಗಿನಿಂದ ಮಾತ್ರ ಏನೂ ಬರುತ್ತಿರಲಿಲ್ಲ. ಅತ್ತ ಶಾಲೆಗೆ ಬಾರದ ಗೆಳೆಯ ಚೋಮ ಹಗಲೆಲ್ಲ ಗದ್ದೆಯಲ್ಲಿ ಏಡಿ ಹಿಡಿಯುತ್ತಿದ್ದ. ದೇರಪ್ಪನಿಗೂ ಬೇಕಾಗಿದ್ದುದು ಅಷ್ಟೇ: ನಾಲ್ಕು ದಿನ ಯಾರಿಗೂ ಧೈರ್ಯ ಹೇಳದೆ ಮೊಣಕಾಲುದ್ದ ಕೆಸರಲ್ಲಿ ನಿಂತು ಏಡಿ ಹಿಡಿಯುವುದು.

“ಸಾರ್, ನಂಗೆ ಸಾಕಾಗಿದೆ. ಬೇರೆ ಯಾರನ್ನಾದ್ರೂ ಹಾಕಿ,” ಎಂದು ಹೆಡ್‌ಮಾಸ್ಟರ ಮುಂದೆ ನಿಂತ.

“ಭರವಸೆ ಮಾನಿಟರೇ ಸಾಕಾಯ್ತು ಅಂದ್ರೆ ಹೇಗೋ? ನಿನ್ನ ಹೆಸರನ್ನ ನೀನೇ ಹೇಳ್ಬೇಕಾಗ್ತದೆ.”

“ಕಾಯಿಲೆ ಬಂದ್ರೆ?”

“ಅದಕ್ಕೆ ಇಲಾಖೆಯ ಡಾಕ್ಟ್ರು ಒಪ್ಪಬೇಕು. ಪಾರ್ಕಿನ್ ದೊರೆ ಅಂತ, ಸಿಮ್ಲಾದಿಂದ ಹೊಸದಾಗಿ ಬಂದವರು. ಕಕ್ಕಡ ಹತ್ತೊಂಬತ್ತಕ್ಕೆ ಇಲ್ಲಿಗೆ ಬರ್ತಾರೆ.”

ಹತ್ತೊಂಬತ್ತು ಎಂದ ಕೂಡಲೇ ದೇರಪ್ಪನಿಗೆ ಏನೋ ಹೊಳೆಯಿತು. ಏಕೆಂದರೆ ಕಕ್ಕಡ ಹದಿನೆಂಟರಂದು ಕೊಡಗಿನಲ್ಲಿ ಮದ್ದು ಸೊಪ್ಪಿನ ಪಾಯಸ ಬೇಯದ ಒಲೆಯಿಲ್ಲ. ಹದಿನೆಂಟು ಬಗೆಯ ಔಷಧಿ ಆ ದಿನ ಆ ಸೊಪ್ಪಿಗೆ ಬಂದು ಸೇರುತ್ತದಂತೆ. ತಿಂದವರ ಮೂತ್ರ ಮರುದಿನ ಕೆಂಪಗೆ ಹೋಗುತ್ತದೆ. ಹೋಗದಿದ್ದರೆ ಮದ್ದು ಹಿಡಿಯಲಿಲ್ಲವೆಂದು ಮನೆಯವರು ಬೇಸರಪಡುತ್ತಾರೆ. ಇದು ತೊಟ್ಟಿಲ ಕೂಸಿಗೂ ಗೊತ್ತು. ಸಿಮ್ಲಾದಲ್ಲಿ ಗೊತ್ತಿಲ್ಲ.

ಹದಿನೆಂಟರಂದು ಅಜ್ಜಿ ಬೊಳ್ಳಮ್ಮ ಬಡಿಸಿದ ಪಾಯಸವನ್ನು ದೇರಪ್ಪ ಎರಡು ಬಟ್ಟಲು ಮುಗಿಸಿ ಮತ್ತೆ ಕೈಯೊಡ್ಡಿದ.

“ಹೊಟ್ಟೇಲಿ ಇನ್ನೂ ಜಾಗ ಉಟ್ಟಾ ಮಗ?”

“ಇದು ಸರ್ಕಾರಿ ಕೆಲಸ ಅಜ್ಜಿ. ಹಾಕಿ.”

ಮರುದಿನ ಅವನು ಹೊಟ್ಟೆ ಹಿಡಿದುಕೊಂಡು ದೊರೆಯ ಮುಂದೆ ಬಾಟಲಿ ಇಟ್ಟ. ದೊರೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಕುರ್ಚಿಯಿಂದ ಎದ್ದರು. ಎಂದಿನಿಂದ ಹೀಗೆ ಎಂಬ ಅವರ ಪ್ರಶ್ನೆಯನ್ನು ಹೆಡ್‌ಮಾಸ್ಟರ್ ಕನ್ನಡಕ್ಕೆ ತಿರುಗಿಸಿದರು.

“ಭರವಸೆ ಜಾಸ್ತಿ ಆದಾಗಿಂದ ಸಾರ್. ನಾಳೆ ಒಳ್ಳೆಯದಾಗ್ತದೆ ಅಂತ ಕೂಗಿದಷ್ಟೂ ಕೆಂಪು.”

ದೊರೆ ಇಡೀ ಶಾಲೆಯ ಬಾಟಲಿ ತರಿಸಿದರು. ಎಲ್ಲವೂ ಕೆಂಪು. ಗಂಟೆ ಬಾರಿಸುವ ನಿಂಗನದೂ ಕೆಂಪು, ಹೆಡ್‌ಮಾಸ್ಟರದೂ ಕೆಂಪು. ಜಗಲಿಯಲ್ಲಿ ಸಾಲಾಗಿ ಇಟ್ಟಾಗ ಮಳೆಯ ಮಂಕಿನಲ್ಲೂ ಹಬ್ಬದ ಕಳೆ ಬಂದಿತ್ತು.

ದೇರಪ್ಪನಿಗೆ ಈಗ ಹೆದರಿಕೆಯಾಯಿತು. “ಸಾರ್, ಮದ್ದು ಸೊಪ್ಪಿನ ವಿಷಯ ಹೇಳ್ಬಿಟ್ರಾ?” ಎಂದು ಪಿಸುಗುಟ್ಟಿದ.

“ದೊರೆ ಕೇಳಲಿಲ್ಲ. ಕೇಳದ್ದನ್ನ ಹೇಳೋದು ಅಧಿಕಪ್ರಸಂಗ,” ಎಂದರು ಹೆಡ್‌ಮಾಸ್ಟರ್. “ನಾನೂ ಮನೆ ಕಡೆ ಹೋಗದೆ ಎಷ್ಟೋ ದಿನ ಆಯ್ತು.”

ಸಂಜೆಯೊಳಗೆ ಹೊಸ ಹುಕುಂ ಬಂತು: “ಭರವಸೆಯು ಉಷ್ಣ ಪದಾರ್ಥವೆಂದು ಪರೀಕ್ಷೆಯಿಂದ ಸಿದ್ಧವಾಗಿದೆ. ಮಿತಿಮೀರಿದಲ್ಲಿ ರಕ್ತ ಕರಗಿ ಇಳಿಯುತ್ತದೆ. ಆದಕಾರಣ ಕೆಂಪು ಕಂಡವರಿಗೆಲ್ಲ ಹದಿನೈದು ದಿನ ರಜಾ. ರಜೆಯಲ್ಲಿ ಭರವಸೆಯಿಂದ ಇರುವುದನ್ನು ನಿಷೇಧಿಸಲಾಗಿದೆ.”

ಹುಡುಗರು ರೋಗಿಗಳಿಗೆ ತಕ್ಕ ಗಾಂಭೀರ್ಯದಿಂದ ಗೇಟಿನ ತನಕ ನಡೆದು, ಗೇಟು ದಾಟಿದ ಮೇಲೆ ಓಡಿದರು. ದೇರಪ್ಪನೂ ಹೊರಟ. ದೊರೆ ಅವನ ಭುಜ ಹಿಡಿದರು.

ಎಲ್ಲರ ಬಾಟಲಿಗಿಂತ ಅವನದು ಕಡುಕೆಂಪಾಗಿತ್ತು. ಇಷ್ಟೊಂದು ಭರವಸೆ ಸುರಿಸಿದ ತರುಣ ಕೊಡಗಿನಲ್ಲಿ ಇನ್ನೊಬ್ಬನಿಲ್ಲವೆಂದು ದೊರೆ ಕಣ್ಣು ಒದ್ದೆ ಮಾಡಿಕೊಂಡರು. ಎಲ್ಲರೂ ರಜೆಯಲ್ಲಿರುವಾಗ ಶಾಲೆಯ ಭರವಸೆಯನ್ನು ಕಾಯಲು ಇಂಥವನೇ ಬೇಕು. ದೇರಪ್ಪನನ್ನು ಹಿರಿಯ ಭರವಸೆ ಮಾನಿಟರ್ ಮಾಡಿ, ಅವನ ರಜೆಯನ್ನು ಗೌರವಪೂರ್ವಕವಾಗಿ ರದ್ದುಪಡಿಸಲಾಯಿತು.

“ಒಂದು ಬಟ್ಟಲು ಸಾಕಿತ್ತಲ್ಲ ಸಾರ್,” ಎಂದ ದೇರಪ್ಪ.

“ಅದಕ್ಕೇ ನಾನು ಒಂದೇ ತಿಂದದ್ದು,” ಎಂದು ಹೆಡ್‌ಮಾಸ್ಟರ್ ಕೊಡೆ ಬಿಚ್ಚಿದರು.

ಮರುವರ್ಷ ದೇರಪ್ಪ ಒಂದೇ ಬಟ್ಟಲು ತಿಂದ. ಬಣ್ಣ ಕಳೆದ ಸಲಕ್ಕಿಂತ ತಿಳಿಯಾಗಿರುವುದನ್ನು ಕಂಡ ದೊರೆ, ಕೆಲಸದಿಂದಲೇ ಹುಡುಗ ಗುಣವಾಗುತ್ತಿದ್ದಾನೆ, ಬಿಡಿಸಬೇಡಿ ಎಂದರು. ಅಷ್ಟರಲ್ಲಿ ಇಲಾಖೆಯ ಗುಮಾಸ್ತರೂ ಪಾಯಸ ಶುರುಮಾಡಿದ್ದರು. ದೊರೆಗೂ ಯಾರೋ ಬಡಿಸಿದರು. ಅವರು ತಮ್ಮ ಭರವಸೆಯ ಪ್ರಮಾಣ ಕಂಡು ದಂಗಾಗಿ ಮೂರು ತಿಂಗಳಿಗೆ ಊಟಿಗೆ ಹೋದರು. ಈಗ ಕಕ್ಕಡ ಹತ್ತೊಂಬತ್ತರ ರಜೆ ಖಾಯಂ. ಅದು ಸರಿಯಲ್ಲವೆಂದು ಯಾರೂ ಅರ್ಜಿ ಹಾಕಿಲ್ಲ.

ಆ ದಿನಗಳಲ್ಲಿ ದೇರಪ್ಪನೊಬ್ಬನೇ ಖಾಲಿ ಜಗಲಿಯಲ್ಲಿ ನಿಂತು ಮಳೆಗೆ ಕೂಗುತ್ತಾನೆ: “ನಾಳೆ ಒಳ್ಳೆಯದಾಗುತ್ತದೆ.”

“ಇಲ್ಲಿ ಇವತ್ತೇ ಆಗಿದೆ ಮಾರಾಯ,” ಎಂದು ಗದ್ದೆಯಿಂದ ಚೋಮ ಕೂಗುತ್ತಾನೆ.

ನಿಂಗನೂ ರಜೆಯಲ್ಲಿರುವುದರಿಂದ ನಾಲ್ಕರ ಗಂಟೆಯನ್ನು ದೇರಪ್ಪನೇ ಬಾರಿಸಬೇಕು. ಮೊನ್ನೆ ಬಾರಿಸಿ ಬಂದಾಗ ಜಗಲಿಯ ಮೇಜಿನ ಮೇಲೆ ಚೋಮ ಒಂದು ಏಡಿ ಬಿಟ್ಟು ಹೋಗಿದ್ದ. ಅದು ಅಡ್ಡಡ್ಡ ನಡೆದು ಬಂದು, ಅಲ್ಲಿಟ್ಟಿದ್ದ ಸರ್ಕಾರದ ಹುಕುಮಿನ ಅಂಚನ್ನು ಕಚ್ಚಿಕೊಂಡಿತು. ಎಳೆದರೆ ಬಿಡಲಿಲ್ಲ. ಬೈದರೂ ಬಿಡಲಿಲ್ಲ. ದೇರಪ್ಪನಿಗೆ ಹೊಟ್ಟೆಯ ಒಳಗಿನಿಂದ ನಗು ಬಂತು; ಕೆಟ್ಟುಹೋಗಿದ್ದ ಆ ಹಳೆಯ ನಗುವೇ. ನಕ್ಕೂ ನಕ್ಕೂ ಜಗಲಿಯಲ್ಲಿ ಕೂತುಬಿಟ್ಟ.

ಹೊತ್ತು ನಾಲ್ಕು ದಾಟಿತ್ತು. ಆದ್ದರಿಂದ ಅದಕ್ಕೆ ಇಲಾಖೆ ಜವಾಬ್ದಾರಿಯಲ್ಲ.