ಧಾರೆಯ ಹೊತ್ತಿಗೆ ಮುಖವೊಂದನ್ನು ಮಂಜೂರು ಮಾಡುವ ಬಗ್ಗೆ

ಇಂದ:
ವೆಂಕಟರಂಗಯ್ಯ,
ನಿವೃತ್ತ ಡ್ರಿಲ್ ಮೇಷ್ಟ್ರು (ಗುಬ್ಬಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ),
ಸದಾಶಿವನಗರ, ತುಮಕೂರು.

ಗೆ:
ಮಾನ್ಯ ಮುಖ್ಯಾಧಿಕಾರಿಗಳು,
ಬೇಸಲ್ ಗ್ಯಾಂಗ್ಲಿಯಾ ಕಚೇರಿ, ಚಲನವಲನ ಶಾಖೆ,
ಮೆದುಳಿನ ತಳಮಹಡಿ,
ಮೇಲ್ಕಂಡ ಅರ್ಜಿದಾರನ ತಲೆ.

ವಿಷಯ: ಮಗಳ ಮದುವೆಯ ಧಾರೆಯ ಹೊತ್ತಿಗೆ ನನ್ನ ಕೈ, ಕಾಲು ಹಾಗೂ ಮುಖವನ್ನು ತಾತ್ಕಾಲಿಕವಾಗಿ ನನ್ನ ವಶಕ್ಕೆ ಕೊಡುವ ಕುರಿತು.

ಉಲ್ಲೇಖ: 1) ನರರೋಗ ವೈದ್ಯರ ಮೌಖಿಕ ವಿವರಣೆ. 2) ಕುಣಿಗಲ್ ಹೊಸಿಲಿನ ಪ್ರಕರಣ. 3) "ಏಳೋ ಕಾಲೇ, ಮರ್ಯಾದೆ ಕಳೀಬೇಡ್ವೋ" ಎಂಬ ನನ್ನ ದಿನನಿತ್ಯದ ಮನವಿ, ಉತ್ತರ ಬಂದಿಲ್ಲ.

ಮಾನ್ಯರೇ,

ಈ ಮೂಲಕ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಹುಟ್ಟಿದಂದಿನಿಂದ ತಮ್ಮ ವ್ಯಾಪ್ತಿಯಲ್ಲೇ ವಾಸವಾಗಿದ್ದರೂ ಇಂಥದೊಂದು ಕಚೇರಿ ಇದೆಯೆಂಬುದೇ ನನಗೆ ಗೊತ್ತಿರಲಿಲ್ಲ. ಕೆಲಸ ಸರಿಯಾಗಿ ನಡೆಯುವ ಕಚೇರಿಯ ವಿಳಾಸ ಯಾರು ಕೇಳುತ್ತಾರೆ? ಎಡಗೈ ನಡುಗತೊಡಗಿದ ಮೇಲಷ್ಟೇ ವಿಚಾರಿಸಬೇಕಾಯಿತು.

1. ಡಾಕ್ಟರ್ ಪ್ರದ್ಯುಮ್ನ ಅವರು ಚೀಟಿಯ ಹಿಂದೆ ಚಿತ್ರ ಬರೆದು ಹೇಳಿದರು: "ಎದ್ದೇಳು ಅನ್ನೋ ಆರ್ಡರ್ ಮೇಲಿಂದ ಬರುತ್ತೆ ಮೇಷ್ಟ್ರೇ. ಯಾವ ಚಲನೆ ಬಿಡ್ಬೇಕು, ಯಾವ್ದನ್ನ ತಡೀಬೇಕು ಅನ್ನೋದು ಈ ಗ್ಯಾಂಗ್ಲಿಯಾ ಕೆಲ್ಸ." ಅದರಂತೆ, ಸ್ಟ್ರೈಯಾಟಮ್ ಎಂಬಲ್ಲಿ ಮೇಲಿನ ಕಾಗದಗಳೆಲ್ಲ ಬಂದು ಬೀಳುತ್ತವೆ. ಗ್ಲೋಬಸ್ ಪ್ಯಾಲಿಡಸ್ ಎಂಬುದು ಸದಾ ಬ್ರೇಕ್ ಒತ್ತಿಕೊಂಡೇ ಕೂತಿರುತ್ತದೆ. ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಕಪ್ಪು ಉಗ್ರಾಣದಿಂದ ಡೋಪಮೈನ್ ಎಂಬ ರಾಸಾಯನಿಕ ಬಂದರೆ ಬ್ರೇಕ್ ಸಡಿಲವಾಗಿ ಕೈಕಾಲು ಹೊರಡುತ್ತವೆ. ನನ್ನ ಉಗ್ರಾಣ ಬಹುಪಾಲು ಖಾಲಿಯಾಗಿದೆ. ಆದಕಾರಣ ಬ್ರೇಕ್ ಬಿಡುತ್ತಿಲ್ಲ. ಇದಕ್ಕೆ ಪಾರ್ಕಿನ್ಸನ್ ಕಾಯಿಲೆ ಎನ್ನುತ್ತಾರಂತೆ.

2. ಸೇವಾವಧಿಯುದ್ದಕ್ಕೂ ಪರರ ಮಕ್ಕಳಿಗೆ "ಸಾವಧಾನ್, ವಿಶ್ರಾಮ್" ಎಂದು ಅರಚಿ ಸಂಬಳ ಪಡೆದ ನನಗೆ, ಈಗ ಸ್ವಂತ ಎಡಗೈ ಮಾತು ಕೇಳುವುದಿಲ್ಲ. ವಿಶ್ರಾಮ್ ಎಂದರೆ ನಡುಗುತ್ತದೆ, ಲೋಟ ಎತ್ತಿಕೋ ಎಂದರೆ ಕೊಂಚ ಸುಮ್ಮನಾಗುತ್ತದೆ. ಇಷ್ಟು ತಲೆಹರಟೆ ವಿದ್ಯಾರ್ಥಿಯನ್ನು ನಾನು ಗುಬ್ಬಿಯಲ್ಲಿ ಕಂಡಿಲ್ಲ.

3. ಮಗಳು ಸುಧಾಳಿಗೆ ಕುಣಿಗಲ್ಲಿನ ಗಂಗರಾಜು ಅವರ ಮಗನೊಂದಿಗೆ ಸಂಬಂಧ ಕೂಡಿಬಂತು. ಗಂಡಿನ ಮನೆ ನೋಡುವ ಶಾಸ್ತ್ರಕ್ಕೆ ನಾನು, ಹೆಂಡತಿ ಮಂಜುಳಮ್ಮ, ನನ್ನ ತಮ್ಮ ಗಂಗಾಧರ್ ಹೋದೆವು. ಹೊಸಿಲ ಮುಂದೆ ನನ್ನ ಕಾಲು ನೆಲಕ್ಕೆ ಅಂಟಿಕೊಂಡಿತು. ಬಾಗಿಲು ಕಂಡರೆ ಕಾಲು ಕಟ್ಟುವುದು ಈ ಕಾಯಿಲೆಯಲ್ಲಿ ಉಂಟಂತೆ. ಆದರೆ ಮನೆಗೆ ಬಂದ ಬೀಗರು ಹೊಸಿಲು ದಾಟದೆ ಹೊರಗೇ ನಿಂತರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ.

ಗಂಡಿನ ಅಜ್ಜಿ ಗಾಬರಿಯಾದರು. "ಅಯ್ಯೋ, ಬೀಗ್ರು ಮುನಿಸ್ಕೊಂಡು ನಿಂತವ್ರಲ್ಲಪ್ಪಾ! ಕಾಲಿಗೆ ನೀರ್ ಕೊಟ್ರೇನ್ರೋ?" ನೀರು ಬಂತು. ನಾನು ಕದಲಲಿಲ್ಲ. "ಮುಖ ನೋಡು, ಎಂಗೆ ಬಿಗ್ಕೊಂಡವ್ರೆ" ಅಂದರು ಅಜ್ಜಿ. ಹೊಸ ಪಂಚೆ, ಹಣ್ಣು ಬಂದವು. ಗಂಗರಾಜು ಕೈಮುಗಿದು, "ಏನಾರ ತಪ್ಪಾಗಿದ್ರೆ ಹೊಟ್ಟೆಗ್ ಹಾಕ್ಕೊಳಿ ಬೀಗ್ರೇ. ಛತ್ರ ತುಮಕೂರಲ್ಲೇ ಮಾಡ್ಕೊಳಿ, ನಾವೇ ಬರ್ತೀವಿ" ಅಂದುಬಿಟ್ಟರು. ಛತ್ರದ ಜಗಳ ಒಂದು ತಿಂಗಳಿಂದ ಬಗೆಹರಿದಿರಲಿಲ್ಲ. ಮಂಜುಳಮ್ಮ ನನ್ನ ಕಿವಿಯ ಹತ್ತಿರ ಬಂದು, "ಇನ್ನೊಂಚೂರು ಹಂಗೇ ನಿಂತ್ಕೊಳ್ರಿ" ಅಂದಳು. ನಿಂತುಕೊಳ್ಳದೆ ನನಗೆ ಬೇರೆ ದಾರಿಯೇ ಇರಲಿಲ್ಲ.

ಕಡೆಗೆ ಗಂಗಾಧರ್ ತಡೆಯಲಾರದೆ, "ಲೆಫ್ಟ್, ರೈಟ್, ಲೆಫ್ಟ್!" ಎಂದು ಕೂಗಿದ. ತಾಳ ಸಿಕ್ಕರೆ ಕಾಲು ಕಿತ್ತುಕೊಳ್ಳುತ್ತದೆಂದು ಡಾಕ್ಟರ್ ಹೇಳಿದ್ದರು. ಕಿತ್ತುಕೊಂಡಿತು. ಬಲಗಾಲಿಟ್ಟು ಬರಬೇಕಾದವನು ಎಡಗಾಲಿಟ್ಟು, ಬೀಗರ ನಡುಮನೆಯಲ್ಲಿ ಪರೇಡ್ ನಡೆಸಿ, ಫ್ರಿಜ್ಜಿನ ಮುಂದೆ ಹಾಲ್ಟ್ ಆದೆನು. ಆಮೇಲೆ ಕಾಯಿಲೆಯ ವಿಷಯ ಹೇಳಿದೆವು. ಗಂಗರಾಜು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಒಳ್ಳೆಯ ಮನುಷ್ಯ, ಛತ್ರದ ಮಾತು ವಾಪಸ್ ತೆಗೆದುಕೊಳ್ಳಲಿಲ್ಲ.

4. ಧಾರೆಯಲ್ಲಿ ವಧೂವರರ ಕೈ ಮೇಲೆ ತೆಂಗಿನಕಾಯಿ, ಎಲ್ಲಕ್ಕೂ ಅಡಿಯಲ್ಲಿ ಹೆಣ್ಣಿನ ತಂದೆಯ ಕೈ ಇರತಕ್ಕದ್ದು. ಬಂದವರೆಲ್ಲ ಹಾಲೆರೆದು ಮುಗಿಸುವವರೆಗೂ ಹಿಡಿದಿರಬೇಕು. "ಕಾಯಿ ಉರುಳಿದ್ರೆ ಜನ ಏನಂದಾರು, ಗಂಗಾಧರನೇ ಕೈ ಕೊಡ್ಲಿ" ಎಂದು ನೆಂಟರು ಠರಾವು ಮಾಡಿದರು. ಸುಧಾ ಒಪ್ಪಲಿಲ್ಲ. "ಅಪ್ಪನ್ ಕೈ ಇಲ್ದೆ ನಂಗೆ ಧಾರೇನೇ ಬೇಡ. ನಡುಗಿದ್ರೆ ನಾನ್ ಹಿಡ್ಕೊತೀನಿ ಬಿಡಿ" ಅಂದಳು. ಅವತ್ತೊಂದು ಮಾತ್ರೆ ಜಾಸ್ತಿ ನುಂಗಲೇ ಎಂದು ಡಾಕ್ಟರನ್ನು ಕೇಳಿದೆ. ಹೆಚ್ಚಾದರೆ ಮೈ ತಾನಾಗಿ ಕುಣಿಯುತ್ತದಂತೆ. ಮದುವೆಮನೆಯಲ್ಲಿ ಕುಣಿಯಲು ಗಂಡಿನ ಸ್ನೇಹಿತರು ಈಗಾಗಲೇ ನೇಮಕವಾಗಿರುವುದರಿಂದ ಸದರಿ ಆಲೋಚನೆಯನ್ನು ಕೈಬಿಡಲಾಗಿದೆ.

5. ಇನ್ನು ಮುಖದ ಸಂಗತಿ. ಇದನ್ನು ಬರೆಯಲು ನನಗೆ ಕಷ್ಟವಾಗುತ್ತಿದೆ. ಮುಖದ ಸ್ನಾಯುಗಳೂ ತಮ್ಮ ಬ್ರೇಕಿನಡಿಯೇ ಬರುತ್ತವಾದ್ದರಿಂದ, ಒಳಗೆ ಏನೇ ನಡೆದರೂ ಹೊರಗೆ ನಾನು ಬಸ್ಸಿಗೆ ಕಾಯುವವನ ಹಾಗೆಯೇ ಕಾಣುತ್ತೇನೆ. ಸಂಬಂಧ ಗಟ್ಟಿಯಾದ ದಿನ ಸುಧಾ ಬಂದು, "ಹುಡುಗ ನಂಗೆ ತುಂಬಾ ಇಷ್ಟ ಅಪ್ಪಾ" ಅಂದಳು. ನನಗೆ ಎದೆ ತುಂಬಿಹೋಯಿತು. ಅವಳು ನನ್ನ ಮುಖವನ್ನೇ ನೋಡುತ್ತಾ ನಿಂತಳು. "ನಿಂಗೆ ಇಷ್ಟ ಇಲ್ವಾ?" ಅಂದಳು. "ಸಂತೋಷ ಕಣವ್ವಾ" ಅಂದೆ. ದನಿಯೂ ಚಪ್ಪಟೆಯಾಗಿರುವುದರಿಂದ ಅದು ಹಾಜರಿ ಕೂಗಿದ ಹಾಗೆ ಕೇಳಿಸಿತು. ಕಾಯಿಲೆಯ ವಿಷಯ ಅವಳಿಗೆ ಚೆನ್ನಾಗಿ ಗೊತ್ತು. ಆದರೂ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡಳು, ನಾನು ನೋಡಿದೆ.

ಆದ್ದರಿಂದ ಮಾನ್ಯರು ದಯಮಾಡಿ ಕೈ, ಕಾಲು, ಮುಖ ಮೂರನ್ನೂ ಆ ಮುಹೂರ್ತಕ್ಕೆ ಬಿಡುಗಡೆ ಮಾಡಬೇಕು. ಡೋಪಮೈನ್ ಅಷ್ಟಕ್ಕೆ ಸಾಲದೆಂದಾದಲ್ಲಿ ಕಾಲನ್ನು ಕೈಬಿಡಬಹುದು, ಗಂಗಾಧರ್ ಮಂಟಪದವರೆಗೂ ಲೆಫ್ಟ್ ರೈಟ್ ಹೇಳುತ್ತಾನೆ. ಅದಕ್ಕೂ ಸಾಲದಿದ್ದಲ್ಲಿ ಕೈಯನ್ನೂ ಕೈಬಿಡಬಹುದು, ಮಗಳು ಹಿಡಿದುಕೊಳ್ಳುತ್ತಾಳೆ. ಮುಖವನ್ನು ಮಾತ್ರ ತಿರಸ್ಕರಿಸಕೂಡದು. ಹಾಲು ಬೀಳುವಾಗ ಅವಳು ತಲೆಯೆತ್ತಿ ನನ್ನನ್ನು ನೋಡುತ್ತಾಳೆ. ಅವಳು ನೋಡುವಷ್ಟು ಹೊತ್ತು ಸಾಕು.

ತಮ್ಮ ವಿಶ್ವಾಸಿ (ಬೇರೆ ಕಚೇರಿ ಇಲ್ಲದ ಕಾರಣ),
ವೆಂಕಟರಂಗಯ್ಯ

ಲಗತ್ತುಗಳು:
ಅ) ಲಗ್ನಪತ್ರಿಕೆ, ಅರಿಶಿನ ಹಚ್ಚಿದ್ದು. ತಾವು ಹೇಗೂ ನನ್ನ ಜೊತೆಯಲ್ಲೇ ಬರುವಿರಿ, ಆದರೂ ಕರೆಯುವುದು ಧರ್ಮ.
ಆ) ಮಾತ್ರೆ ಚೀಟಿಯ ಪ್ರತಿ.
ಇ) ಗುರುತಿನ ಚೀಟಿಯ ಹಳೆಯ ಭಾವಚಿತ್ರ. ಅದರಲ್ಲೂ ನಕ್ಕಿಲ್ಲ, ಆದರೆ ಆಗ ಬೇಕೆಂದೇ ನಕ್ಕಿರಲಿಲ್ಲ.

ವಿಶೇಷ ಸೂಚನೆ: ನಗು ದಾಸ್ತಾನಿನಲ್ಲಿ ಇಲ್ಲದಿದ್ದ ಪಕ್ಷದಲ್ಲಿ, ಅದರ ಬದಲಿಗೆ ಅಳುವನ್ನು ಮಂಜೂರು ಮಾಡಿದರೂ ಅರ್ಜಿದಾರನ ಆಕ್ಷೇಪಣೆ ಇರುವುದಿಲ್ಲ. ಎರಡರಲ್ಲಿ ಯಾವುದಾದರೂ ಅವಳಿಗೆ ಅರ್ಥವಾಗುತ್ತದೆ.